ಟ್ಯಾಬ್ ಕಂಪನಿಯದು, ಡೇಟಾ ನನ್ನದು

ಎಂಟು ತಿಂಗಳು ನಾನು ಒಬ್ಬ ಮನುಷ್ಯನ ಮೇಲೆ ಹಲ್ಲು ಮಸೆಯುತ್ತ ಬದುಕಿದ್ದೇನೆ. ಜಾಲಹಳ್ಳಿಯ ಮನೆಯಲ್ಲಿ ಬೆಳಿಗ್ಗೆ ಚಿತ್ರಾನ್ನಕ್ಕೆ ಒಗ್ಗರಣೆ ಹಾಕುವಾಗ, ಪೀಣ್ಯದ ಕಡೆ ಸ್ಕೂಟರ್ ಓಡಿಸುತ್ತ ಲಾರಿಗಳ ಹೊಗೆ ಕುಡಿಯುವಾಗ, ಸಂಜೆ ಒಣಗಿದ ಬಟ್ಟೆ ಮಡಚುವಾಗ, ತಲೆಯೊಳಗೆ ಒಂದೇ ಮಾತು: ಈ ಮನುಷ್ಯನಿಗೆ ಯಾವಾಗ, ಹೇಗೆ ಬುದ್ಧಿ ಕಲಿಸಲಿ. "ಬಿಟ್ಟಾಕೇ, ಎಷ್ಟಂತ ತಲೆ ಕೆಡಿಸ್ಕೊಳ್ತೀಯ" ಎಂದು ನನ್ನ ಗಂಡ ಹೇಳಿ ಹೇಳಿ ಸುಸ್ತಾದರು. ನಾನು ಬಿಡುವವಳಲ್ಲ. ಯಾರಾದರೂ ನನಗೆ ಒಂದು ಲೋಟ ನೀರು ಕೊಟ್ಟದ್ದನ್ನೂ ಮರೆಯುವುದಿಲ್ಲ, ಮುಖಕ್ಕೆ ಮಸಿ ಬಳಿದದ್ದನ್ನೂ ಮರೆಯುವುದಿಲ್ಲ.

ಆ ಮನುಷ್ಯ ನಮ್ಮ ಮ್ಯಾನೇಜರ್. ನಮ್ಮದು ಪೀಣ್ಯದ ಒಂದು ಸಣ್ಣ ಕಾರ್ಖಾನೆ. ಪೈಪು ಬಗ್ಗಿಸುವ ಯಂತ್ರ ಮಾಡುತ್ತೇವೆ. ಬೈಕಿನ ಸೈಲೆನ್ಸರ್, ಆಸ್ಪತ್ರೆಯ ಮಂಚ, ಬಸ್ಸಿನ ಸೀಟು, ಇವಕ್ಕೆಲ್ಲ ಬೇಕಾದ ಪೈಪನ್ನು ಹೇಳಿದ ಕೋನಕ್ಕೆ ಬಗ್ಗಿಸಿ ಕೊಡುವ ಯಂತ್ರ. ಮಾಡಿದ ಯಂತ್ರವನ್ನು ಕೊಂಡವರ ಕಾರ್ಖಾನೆಗೆ ಹೋಗಿ ನಿಲ್ಲಿಸಿ, ಓಡಿಸಿ, ಅವರಿಂದ ಒಪ್ಪಿಗೆಯ ಸಹಿ ತರುವುದು ನನ್ನ ಕೆಲಸ. ಹದಿನಾರು ವರ್ಷದಿಂದ ಮಾಡುತ್ತಿದ್ದೇನೆ. ನನ್ನ ಅಪ್ಪ ಜಾಲಹಳ್ಳಿಯ ಸರ್ಕಾರಿ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದವರು, ಹಾಗಾಗಿ ಸ್ಪ್ಯಾನರು ನನಗೆ ಸೌಟಿನಷ್ಟೇ ಪರಿಚಯ. ಶಾಪಿನಲ್ಲಿ, ಅಂದರೆ ಯಂತ್ರ ಜೋಡಿಸುವ ಶೆಡ್ಡಿನಲ್ಲಿ, ಹದಿನಾಲ್ಕು ಗಂಡಸರು, ನಾನೊಬ್ಬಳು ಹೆಂಗಸು.

ಹೊರದೇಶಕ್ಕೆ ಹೋಗುವಾಗ ಕಂಪನಿ ನನಗೊಂದು ಟ್ಯಾಬ್ ಕೊಡುತ್ತದೆ. ನಕ್ಷೆಗಳೆಲ್ಲ ಅದರಲ್ಲಿ. ಯಂತ್ರ ಮೊಂಡಾಟ ಮಾಡಿದರೆ ಅದನ್ನು ಎತ್ತಿ ಹಿಡಿದು ಪೀಣ್ಯಕ್ಕೆ ವಿಡಿಯೋ ಕಾಲ್ ಮಾಡಬೇಕು. ನಮ್ಮ ಪ್ರೋಗ್ರಾಮರ್ ಅಲ್ಲಿಂದಲೇ ನೋಡಿ ಸರಿಮಾಡುತ್ತಾನೆ. ಕಳೆದ ವರ್ಷ ಥೈಲ್ಯಾಂಡಿಗೆ ಹೋದಾಗ ಎರಡನೇ ದಿನಕ್ಕೇ ಯಂತ್ರ ಕೈಕೊಟ್ಟಿತು. ಅಲ್ಲಿನ ಶೆಡ್ಡಿನಲ್ಲಿ ಇಂಟರ್ನೆಟ್ ಇಲ್ಲ. ಮ್ಯಾನೇಜರಿಗೆ ಫೋನ್ ಮಾಡಿ ಲೋಕಲ್ ಸಿಮ್ ತಗೊಳ್ಳಲಾ ಎಂದು ಕೇಳಿದೆ.

"ಅಯ್ಯೋ, ಅದಕ್ಕೆಲ್ಲ ಎಲ್ಲಿ ಅಲೀತೀರ ಮೇಡಂ. ಟ್ಯಾಬಲ್ಲಿ ನಮ್ಮ ಸಿಮ್ಮೇ ಇದ್ಯಲ್ಲ, ರೋಮಿಂಗ್ ಆನ್ ಮಾಡ್ಕೊಳ್ಳಿ. ಬಿಲ್ ನಾನ್ ನೋಡ್ಕೋತೀನಿ" ಎಂದರು.

ಮಾಡಿಕೊಂಡೆ. ಒಂಬತ್ತು ದಿನ, ದಿನಕ್ಕೆ ನಾಲ್ಕೈದು ಗಂಟೆ ಕಾಲ್. ಆ ಕಡೆಯಿಂದ ಅದನ್ನು ಬಿಚ್ಚಿ ನೋಡಿ, ಇದನ್ನು ತಿರುಗಿಸಿ ನೋಡಿ ಎಂದು ಹೇಳುವುದು, ನಾನು ಒಂದು ಕೈಯಲ್ಲಿ ಟ್ಯಾಬು ಒಂದು ಕೈಯಲ್ಲಿ ಅಲೆನ್ ಕೀ ಹಿಡಿದು ಒದ್ದಾಡುವುದು. ಕೊನೆಗೂ ಯಂತ್ರ ಓಡಿತು, ಸಹಿ ಬಿತ್ತು, ಊರಿಗೆ ಬಂದೆ. ಬಂದ ಮೂರನೇ ವಾರಕ್ಕೆ ಬಿಲ್ ಬಂತು.

ನಮ್ಮಲ್ಲಿ ಬೆಳಿಗ್ಗೆ ಒಂಬತ್ತಕ್ಕೆ ಶಾಪಿನ ಬೋರ್ಡಿನ ಮುಂದೆ ಎಲ್ಲರೂ ನಿಂತು ಹತ್ತು ನಿಮಿಷ ಮೀಟಿಂಗ್ ಮಾಡುವ ರೂಢಿ. ಅವತ್ತು ಕಾರ್ಖಾನೆಯ ಯಜಮಾನರೂ ಬಂದು ನಿಂತಿದ್ದರು, ಕೈಯಲ್ಲಿ ಆ ಬಿಲ್. ಇಷ್ಟೊಂದು ಹೇಗೆ ಬಂತು ಎಂದು ಮ್ಯಾನೇಜರನ್ನು ಕೇಳಿದರು. ಆತ ನನ್ನ ಕಡೆ ನೋಡಲೂ ಇಲ್ಲ. "ನಂಗೂ ಈಗ್ಲೇ ಗೊತ್ತಾಗಿದ್ದು ಸಾರ್. ಸಂಜೆ ಹೊತ್ತು ಹೋಟೆಲ್ಲಲ್ಲಿ ಬೇಜಾರಾಗುತ್ತಲ್ಲ, ಮೇಡಂ ಸೀರಿಯಲ್ ನೋಡಿರ್ಬೇಕು" ಎಂದರು. ಯಜಮಾನರು ನಕ್ಕರು. ಯಜಮಾನರು ನಕ್ಕದ್ದಕ್ಕೆ ಎಲ್ಲರೂ ನಕ್ಕರು. ಬಾಯಿ ತೆರೆದರೆ ಅಳು ಬರುತ್ತದೆಂದು ಗೊತ್ತಿತ್ತು. ಈ ಗಂಡಸರ ಮುಂದೆ ಅಳುವುದಕ್ಕಿಂತ ಸಾಯುವುದು ಮೇಲು ಎಂದು ಬಾಯಿ ಮುಚ್ಚಿಕೊಂಡು ನಿಂತೆ. ಬಿಲ್ಲಿನ ಅರ್ಧ ನನ್ನ ಸಂಬಳದಲ್ಲಿ ಹಿಡಿದರು.

ದುಡ್ಡು ಹೋಗಲಿ, ಹಾಳಾಗಿ ಹೋಗಲಿ. ಆದರೆ ಅವತ್ತಿನಿಂದ ನಾನು 'ಸೀರಿಯಲ್ ಮೇಡಂ' ಆದೆ. ಮಧ್ಯಾಹ್ನ ಡಬ್ಬಿ ಬಿಚ್ಚುವಾಗ ಒಬ್ಬ, "ಏನ್ ಮೇಡಂ, ನೆನ್ನೆ ಅತ್ತೆ ಸೊಸೆಗೆ ವಿಷ ಹಾಕಿದ್ಲಾ?" ಎನ್ನುವುದು, ಉಳಿದವರು ಕಿಸಿಯುವುದು. ಟೀ ತರುವಾತನಿಗೂ ಸುದ್ದಿ ಮುಟ್ಟಿತ್ತು. ಹೊಸದಾಗಿ ಸೇರಿದ ವೆಲ್ಡರ್ ಒಬ್ಬ ನನ್ನನ್ನು ನೋಡಿದ ಮೊದಲ ದಿನವೇ, "ಓ, ನೀವೇನಾ ಅದು" ಎಂದ. ನಮ್ಮ ಮನೆಯಲ್ಲಿ ಟೀವಿಯೇ ಇಲ್ಲ ಎಂದು ಯಾರಿಗೆ ಹೇಳಲಿ. ಹದಿನಾರು ವರ್ಷ ನಾನು ನಿಲ್ಲಿಸಿದ ಯಂತ್ರಗಳು ಆರು ದೇಶಗಳಲ್ಲಿ ಓಡುತ್ತಿವೆ, ಪೀಣ್ಯದಲ್ಲಿ ಮಾತ್ರ ನಾನು ಕಂಪನಿ ಖರ್ಚಿನಲ್ಲಿ ಸೀರಿಯಲ್ ನೋಡಿದವಳು. ಈ ಹೆಸರು ತೊಲಗಬೇಕು, ಅಂಟಿಸಿದವನ ಕೈಯಿಂದಲೇ ತೊಲಗಬೇಕು ಎಂದು ಅವತ್ತೇ ಗಟ್ಟಿಮಾಡಿಕೊಂಡೆ.

ಅದರ ಮೇಲೆ ಆತ ಒಂದು ಮೇಲ್ ಬೇರೆ ಕಳಿಸಿದರು, ಎಲ್ಲರಿಗೂ. ಇನ್ನು ಮುಂದೆ ಹೊರದೇಶದಲ್ಲಿ ಟ್ಯಾಬಿನ ಡೇಟಾ ಖರ್ಚನ್ನು ಕಂಪನಿ ಕೊಡುವುದಿಲ್ಲ, ಹೋಟೆಲಿನ ವೈಫೈ ಬಳಸತಕ್ಕದ್ದು. ಟ್ಯಾಬುಗಳಲ್ಲಿದ್ದ ಕಂಪನಿಯ ಸಿಮ್ಮುಗಳನ್ನೂ ತೆಗೆಸಿಬಿಟ್ಟರು. ಆ ಮೇಲನ್ನು ನಾನು ಅಳಿಸಲಿಲ್ಲ. ನಕ್ಷತ್ರದ ಗುರುತು ಹಾಕಿ ಜೋಪಾನವಾಗಿ ಇಟ್ಟುಕೊಂಡೆ.

ಆಯುಧಪೂಜೆ ಬಂತು. ನಮ್ಮ ಶಾಪಿನಲ್ಲಿ ಆ ದಿನ ಯಂತ್ರ, ವೈಸು, ವರ್ನಿಯರ್, ಕಂಪ್ಯೂಟರ್ ಎಲ್ಲಕ್ಕೂ ಪೂಜೆ. ಆ ದಿನ ಮಾತ್ರ ಎಲ್ಲರಿಗೂ ನಾನು ಹೆಂಗಸು ಎಂಬುದು ನೆನಪಾಗುತ್ತದೆ. "ಲೇಡೀಸ್ ಇದ್ದಾರಲ್ಲ, ಅವ್ರೇ ರಂಗೋಲಿ ಹಾಕ್ಲಿ, ಅವ್ರೇ ಕುಂಕುಮ ಹಚ್ಲಿ" ಎಂದು ಮ್ಯಾನೇಜರ್ ಅಪ್ಪಣೆ ಕೊಟ್ಟರು. ಕೆಂಪು ವಸ್ತ್ರದ ಮೇಲೆ ಅಳತೆಯ ಸಾಮಾನುಗಳ ಪಕ್ಕ ಟ್ಯಾಬುಗಳನ್ನೂ ಸಾಲಾಗಿ ನಿಲ್ಲಿಸಿದ್ದರು, ಕವರು ತೆಗೆದು. ನಮ್ಮ ಮನೆತನದಲ್ಲಿ ವಿಭೂತಿ ಇಲ್ಲದೆ ಪೂಜೆಯಿಲ್ಲ. ವಿಭೂತಿಗೆ ನೀರು, ಗಂಧ ಕಲಸಿ ಗಟ್ಟಿಮಾಡಿಕೊಂಡು ಒಂದೊಂದಕ್ಕೂ ಮೂರು ಬೆರಳಲ್ಲಿ ಎಳೆದೆ, ನಡುವೆ ಕುಂಕುಮ ಇಟ್ಟೆ. ಮ್ಯಾನೇಜರ ಟ್ಯಾಬು ಬಂದಾಗ ಬೆರಳು ತಾನಾಗಿ ಭಾರವಾಯಿತು. ಬೆನ್ನಿಗೆ ಎಳೆದದ್ದು ಅಂಚಿನವರೆಗೂ ಹೋಯಿತು, ಒತ್ತಿ ಹಚ್ಚಿದೆ. ಬೇಕಂತಲೇ ಹಾಳುಮಾಡಬೇಕೆಂದು ಮಾಡಿದ್ದಲ್ಲ, ಆ ದೇವಿಯಾಣೆ. ಆದರೆ ಕೈಯಲ್ಲಿ ಭಕ್ತಿಗಿಂತ ಸಿಟ್ಟೇ ಜಾಸ್ತಿ ಇತ್ತು ಎಂಬುದನ್ನೂ ಮುಚ್ಚಿಡುವುದಿಲ್ಲ.

ಹಬ್ಬವಾಗಿ ಎರಡು ವಾರಕ್ಕೆ ವಿಯೆಟ್ನಾಂ ಕೆಲಸ ಬಂತು. ಬೈಕಿನ ಸೈಲೆನ್ಸರ್ ಮಾಡುವ ಕಾರ್ಖಾನೆ. ಒಂದು ಯಂತ್ರ ಈಗಾಗಲೇ ಹಡಗಿನಲ್ಲಿ ಹೋಗಿತ್ತು, ಇದು ಸರಿಯಾಗಿ ನಿಂತರೆ ಇನ್ನೂ ನಾಲ್ಕು ತಗೊಳ್ಳುತ್ತಾರಂತೆ. ಅಷ್ಟು ದೊಡ್ಡ ಗಿರಾಕಿ ಎಂದ ಮೇಲೆ ಮ್ಯಾನೇಜರ್ ತಾವೂ ಹೊರಟರು. ಸಹಿ ಬೀಳುವ ಹೊತ್ತಿಗೆ ಫೋಟೋದಲ್ಲಿ ನಿಲ್ಲಬೇಕಲ್ಲ.

ಈ ಸಲ ನಾನು ಯಾರ ಹಂಗಿಗೂ ಬೀಳುವುದಿಲ್ಲವೆಂದು ಜಾಲಹಳ್ಳಿ ಕ್ರಾಸಿನ ಮೊಬೈಲ್ ಅಂಗಡಿಗೆ ಹೋದೆ. ಅಂಗಡಿ ನಡೆಸುವಾಕೆ ನನ್ನದೇ ವಯಸ್ಸಿನವಳು, ಕನ್ನಡಕ ಮೂಗಿನ ತುದಿಯಲ್ಲಿ, ಮಾತಿನಲ್ಲಿ ಮುಲಾಜಿಲ್ಲ. ಟ್ಯಾಬನ್ನು ತಿರುಗಿಸಿ ಮುರುಗಿಸಿ ನೋಡಿ, "ಅಕ್ಕ, ಇದ್ರಲ್ಲಿ ಸಿಮ್ ಜಾಗ ಇದೆ, ನಿಮ್ ಪುಣ್ಯ. ಬರೀ ವೈಫೈದು ಆಗಿದ್ರೆ ಏನೂ ಮಾಡಕ್ಕಾಗ್ತಿರ್ಲಿಲ್ಲ" ಎಂದಳು.

"ಇಲ್ಲೇ ಒಂದು ಫಾರಿನ್ ಸಿಮ್ ಕೊಟ್ಬಿಡಿ" ಎಂದೆ.

"ಕೊಡ್ತೀನಿ, ನಂಗೂ ಕಮಿಷನ್ ಬರುತ್ತೆ. ಆದ್ರೆ ನೀವ್ ದಿನಾ ನೋಡೋ ಮುಖ, ಮೋಸ ಮಾಡಕ್ಕಾಗಲ್ಲ. ಇಲ್ಲಿ ತಗೋಬೇಡಿ. ಏರ್‌ಪೋರ್ಟಲ್ಲೂ ತಗೋಬೇಡಿ. ಊರೊಳಗೆ ಹೋಗಿ ಅಲ್ಲಿ ಜನ ತಗೊಳೋ ಅಂಗಡೀಲಿ ತಗೊಳ್ಳಿ, ಪಾಸ್‌ಪೋರ್ಟ್ ಕೇಳ್ತಾರೆ, ಕೊಡಿ. ಡೇಟಾ ಮಾತ್ರ ಇರೋ ಸಿಮ್ ಸಾಕು, ಟ್ಯಾಬಲ್ಲಿ ಯಾರ್ಗೆ ಫೋನ್ ಮಾಡ್ತೀರಿ? ಆಮೇಲೆ ಇದೊಂದು ನೋಡಿ." ಟ್ಯಾಬಿನ ಒಳಗೆ ಹೋಗಿ ಟಕಟಕ ಒತ್ತಿದಳು. ತಂತಾನೇ ಅಪ್‌ಡೇಟ್ ಆಗುವುದು, ತಂತಾನೇ ಫೋಟೋ ಮೇಲಕ್ಕೆ ಹೋಗುವುದು, ಎಲ್ಲವನ್ನೂ ಬಂದ್ ಮಾಡಿದಳು. "ಇವೇ ಅಕ್ಕ ಕಳ್ಳ ನನ್ಮಕ್ಕಳು. ನೀವ್ ಮಲಗಿರ್ತೀರಿ, ಇವು ಕುಡೀತಾ ಇರ್ತವೆ."

ಅಲ್ಲಿಗೆ ಹೋದ ದಿನವೇ ಸಂಜೆ ಹೋಟೆಲಿನ ಹಿಂದಿನ ಬೀದಿಯಲ್ಲಿ ಅಂಥದೊಂದು ಅಂಗಡಿ ಹುಡುಕಿದೆ. ಕಾರ್ಖಾನೆಯ ಸಮವಸ್ತ್ರ ತೊಟ್ಟ ಹೆಣ್ಣುಮಕ್ಕಳು ಸಾಲಾಗಿ ಸ್ಕೂಟರ್ ನಿಲ್ಲಿಸಿ ಏನೇನೋ ಕೊಳ್ಳುತ್ತಿದ್ದರು. ಪೀಣ್ಯದಲ್ಲಿ ಶಿಫ್ಟು ಬಿಟ್ಟಾಗಿನ ಹಾಗೆಯೇ. ಅಂಗಡಿಯಾಕೆಗೆ ನನ್ನ ಭಾಷೆ ಬಾರದು, ನನಗೆ ಅವಳದು ಬಾರದು. ಟ್ಯಾಬು ತೋರಿಸಿದೆ, ಕಿವಿಗೆ ಫೋನು ಹಿಡಿಯುವಂತೆ ಮಾಡಿ ಬೇಡವೆಂದು ಕೈ ಆಡಿಸಿದೆ, ಹತ್ತು ದಿನಕ್ಕೆಂದು ಹತ್ತು ಬೆರಳು ಎತ್ತಿದೆ. ಅವಳು ನಕ್ಕು, ಪಾಸ್‌ಪೋರ್ಟಿನ ಫೋಟೋ ತೆಗೆದುಕೊಂಡು ಒಂದು ಸಿಮ್ ಕೊಟ್ಟಳು. ನಾಲ್ಕು ಜನ ದರ್ಶಿನಿಯಲ್ಲಿ ದೋಸೆ ತಿಂದು ಕಾಫಿ ಕುಡಿದಷ್ಟು ದುಡ್ಡು, ಅಷ್ಟೇ. ವಿಮಾನ ನಿಲ್ದಾಣದ ಕೌಂಟರಿನಲ್ಲಿ ಅದರ ಎರಡರಷ್ಟು ಹೇಳಿದ್ದರು. ಬಳೆಗೆ ಸಿಕ್ಕಿಸಿಕೊಂಡಿದ್ದ ಪಿನ್ನು ಬಿಚ್ಚಿ ಟ್ಯಾಬಿನ ಅಂಚಿನ ತೂತಿಗೆ ಚುಚ್ಚಿದೆ, ಟ್ರೇ ಹೊರಬಂತು, ಸಿಮ್ ಕೂತಿತು, ನಾಲ್ಕು ಗೆರೆ ಎದ್ದವು. ರಸೀದಿಯನ್ನು ನನ್ನ ಹೆಸರಿನಲ್ಲೇ ಮಾಡಿಸಿಕೊಂಡೆ.

ಮ್ಯಾನೇಜರ್ ಬೆಂಗಳೂರಿನಲ್ಲೇ ಆನ್‌ಲೈನಿನಲ್ಲಿ ದುಬಾರಿಯ ಸಿಮ್ ತರಿಸಿಕೊಂಡಿದ್ದರು, ನೂರು ದೇಶಕ್ಕೆ ಒಂದೇ ಸಿಮ್ ಅಂತೆ. ಮರುದಿನ ತಿಂಡಿಯ ಹೊತ್ತಿಗೆ ಅದನ್ನು ತಮ್ಮ ಟ್ಯಾಬಿಗೆ ಹಾಕಲು ಕೂತರು. ಟ್ರೇ ಬರಲಿಲ್ಲ. ತೂತಿನೊಳಗೆ ಏನೋ ಗಟ್ಟಿಯಾಗಿ ಕೂತಿತ್ತು. ಕೆರೆದರು, ಚುಚ್ಚಿದರು, ಮೇಜಿಗೆ ತಟ್ಟಿದರು. ಅವರ ತಟ್ಟೆಯ ಬ್ರೆಡ್ಡಿನ ಮೇಲೆ ಬಿಳಿ ಪುಡಿ, ಅದರೊಳಗೆ ಒಂದಿಷ್ಟು ಕೆಂಪು ಉದುರಿತು.

"ಏನ್ರೀ ಇದು?"

"ವಿಭೂತಿ, ಕುಂಕುಮ ಸಾರ್. ಆಯುಧಪೂಜೆದು."

"ಇಷ್ಟೊಂದಾ?"

"ನೀವೇ ಅಲ್ವಾ ಸಾರ್ ಹಚ್ಚಿ ಅಂದಿದ್ದು."

ಇನ್ನೊಂದು ಸಲ ಬಲವಾಗಿ ಚುಚ್ಚಿದಾಗ ಪಿನ್ನಿನ ತುದಿ ಒಳಗೇ ಮುರಿಯಿತು. ಅವರ ಮುಖ ನೋಡಬೇಕಿತ್ತು. ನಾನು ಕಲ್ಲಂಗಡಿ ಹೋಳು ಬಾಯಿಗೆ ಹಾಕಿಕೊಂಡು ಕಿಟಕಿಯ ಕಡೆ ತಿರುಗಿದೆ.

ಆಮೇಲೆ ಅವರು ತಮ್ಮ ಫೋನಿಗೆ ರೋಮಿಂಗ್ ಪ್ಯಾಕ್ ಹಾಕಿಸಿಕೊಂಡು, ಅದರಿಂದ ಟ್ಯಾಬಿಗೆ ಹಾಟ್‌ಸ್ಪಾಟ್ ಕೊಟ್ಟುಕೊಂಡು ಓಡಾಡತೊಡಗಿದರು. ಅಲ್ಲಿ ಆದ ತಪ್ಪು ನನಗೆ ನೋಡಿದ ತಕ್ಷಣ ಗೊತ್ತಾಯಿತು. ಹಾಟ್‌ಸ್ಪಾಟ್ ಸಿಕ್ಕರೆ ಟ್ಯಾಬು ಅದನ್ನು ಮನೆಯ ವೈಫೈ ಎಂದೇ ತಿಳಿಯುತ್ತದೆ. ಇರುವ ಬರುವ ಅಪ್‌ಡೇಟು, ಇರುವ ಬರುವ ಫೋಟೋ, ಎಲ್ಲ ಶುರು ಮಾಡುತ್ತದೆ. ಹೇಳಬಹುದಿತ್ತು. ಹೇಳಲಿಲ್ಲ. ಎಂಟು ತಿಂಗಳಿನ ಉಪವಾಸದ ಮೇಲೆ ಎಲೆ ಹಾಕಿದ್ದಾರೆ, ನಾನೇಕೆ ಎದ್ದು ಹೋಗಲಿ. ಎರಡು ಸಲ ಪ್ಯಾಕ್ ಖಾಲಿಯಾಯಿತು, ಎರಡು ಸಲ ಹೋಟೆಲಿಗೆ ಬಂದು ಅಲ್ಲಿನ ವೈಫೈ ಹಿಡಿದು ಹೊಸದು ಹಾಕಿಸಿಕೊಂಡರು, ನೆಟ್‌ವರ್ಕಿನವರನ್ನು ಬಾಯಿಗೆ ಬಂದಂತೆ ಬೈದರು.

ಎಂಟನೆಯ ದಿನ ಒಪ್ಪಿಗೆಯ ದಿನ. ಗಿರಾಕಿಯ ಕಡೆಯ ದೊಡ್ಡವರು ಹನ್ನೊಂದಕ್ಕೆ ಬರುವವರಿದ್ದರು. ಯಂತ್ರ ನನ್ನ ಮಾತು ಕೇಳುತ್ತಿತ್ತು, ಒಂದು ವಿಷಯ ಬಿಟ್ಟು: ಅವರು ಕೊಟ್ಟ ಹೊಸ ಪೈಪನ್ನು ಎರಡನೆಯ ಬಾಗಿನಲ್ಲಿ ಬಗ್ಗಿಸಿ ಬಿಟ್ಟ ತಕ್ಷಣ ಅದು ಕೂದಲೆಳೆಯಷ್ಟು ಹಿಂದಕ್ಕೆ ಸರಿಯುತ್ತಿತ್ತು. ಆ ಕೂದಲೆಳೆಯಷ್ಟನ್ನು ಪ್ರೋಗ್ರಾಮಿನಲ್ಲಿ ತಿದ್ದಬೇಕು. ನಮ್ಮ ಪ್ರೋಗ್ರಾಮರ್ ಪೀಣ್ಯದಲ್ಲಿ ಕಾಯುತ್ತ ಕೂತಿದ್ದ. ವಿಡಿಯೋದಲ್ಲಿ ಪೈಪನ್ನು ನೋಡಿ, ಅಲ್ಲಿಂದಲೇ ಯಂತ್ರದೊಳಗೆ ಹೊಕ್ಕು ತಿದ್ದಿದರೆ ಹತ್ತು ನಿಮಿಷದ ಕೆಲಸ. ಆ ಕಾರ್ಖಾನೆಯಲ್ಲಿ ಹೊರಗಿನವರಿಗೆ ವೈಫೈ ಕೊಡುವುದಿಲ್ಲ ಎಂದು ಮೊದಲ ದಿನವೇ ಗೇಟಿನಲ್ಲಿ ಹೇಳಿದ್ದರು.

ಹತ್ತೂಕಾಲಿಗೆ ಮ್ಯಾನೇಜರ್ ಫೋನು ಮೇಲೆತ್ತಿ ಹಿಡಿದು ಶೆಡ್ಡಿನ ಈ ಮೂಲೆಯಿಂದ ಆ ಮೂಲೆಗೆ ಓಡಾಡುವುದು ಕಂಡಿತು. ಆಮೇಲೆ ನನ್ನ ಹತ್ತಿರ ಬಂದರು.

"ಮೇಡಂ, ನಿಮ್ಮ ಟ್ಯಾಬಿಂದ ಕಾಲ್ ಹಾಕಿ. ನನ್ದು ಮುಗ್ದೋಯ್ತು."

"ಏನ್ ಮುಗ್ದೋಯ್ತು ಸಾರ್?"

"ಡೇಟಾ ಕಣ್ರೀ. ಬೆಳಿಗ್ಗೆ ತಾನೆ ಹಾಕ್ಸಿದ್ದೆ, ಏನಾಯ್ತೋ."

"ಹೋಟೆಲ್ ವೈಫೈ ಬಳಸಬೇಕು ಅಂತ ಮೇಲ್ ಇದೆಯಲ್ಲ ಸಾರ್."

ಹೋಟೆಲು ಅಲ್ಲಿಂದ ಮುಕ್ಕಾಲು ಗಂಟೆ ದೂರ. ಅವರು ನನ್ನ ಮುಖವನ್ನೇ ನೋಡಿದರು, ತಮಾಷೆಯೋ ನಿಜವೋ ಎಂಬಂತೆ. "ಟೈಮ್ ಇಲ್ಲ ಮೇಡಂ, ಆಟ ಆಡ್ಬೇಡಿ. ಅದು ಕಂಪನಿ ಟ್ಯಾಬ್, ಕೊಡಿ ಇಲ್ಲಿ" ಎಂದು ಕೈ ಚಾಚಿದರು.

ಬಳೆಯಿಂದ ಪಿನ್ನು ಬಿಚ್ಚಿದೆ. ಟ್ರೇ ಎಳೆದೆ, ಸಿಮ್ ತೆಗೆದು ಅಂಗೈಯಲ್ಲಿ ಮುಚ್ಚಿಕೊಂಡೆ, ಖಾಲಿ ಟ್ರೇಯನ್ನು ಒಳಗೆ ತಳ್ಳಿ, ಟ್ಯಾಬನ್ನು ಎರಡೂ ಕೈಯಲ್ಲಿ ಹಿಡಿದು ಮರ್ಯಾದೆಯಿಂದಲೇ ಕೊಟ್ಟೆ. "ತಗೊಳ್ಳಿ ಸಾರ್. ಟ್ಯಾಬ್ ಕಂಪನಿಯದು. ಡೇಟಾ ನನ್ನದು."

ಇವತ್ತು ಬರೆಯುವಾಗಲೂ ಆ ಗಳಿಗೆಯ ರುಚಿ ನಾಲಿಗೆಯ ಮೇಲಿದೆ. ಆರ್ಡರ್ ಕೈತಪ್ಪಿದರೆ ಶಾಪಿನವರ ಗತಿ ಏನು, ನನ್ನ ಗತಿ ಏನು, ಯಾವುದೂ ತಲೆಗೆ ಬರಲಿಲ್ಲ. ಒಳ್ಳೆಯ ಹೆಂಗಸಾಗಿದ್ದರೆ ಬರುತ್ತಿತ್ತೇನೋ.

"ಏನ್ ಬೇಕು ನಿಮಗೆ?" ಎಂದರು. ದನಿ ಇಳಿದಿತ್ತು. "ಆ ಬಿಲ್ ದುಡ್ಡು ತಾನೆ? ವಾಪಸ್ ಕೊಡಿಸ್ತೀನಿ, ನಡೀರಿ."

"ದುಡ್ಡು ಬೇಡ ಸಾರ್. ನಮ್ಮ ಶಾಪಿನ ವಾಟ್ಸಾಪ್ ಗ್ರೂಪಲ್ಲಿ ಬರೀರಿ. ಥೈಲ್ಯಾಂಡಲ್ಲಿ ರೋಮಿಂಗ್ ಆನ್ ಮಾಡಕ್ಕೆ ಹೇಳಿದ್ದು ನೀವು, ನಾನು ಸೀರಿಯಲ್ ನೋಡ್ಲಿಲ್ಲ, ನೀವು ಸುಳ್ಳು ಹೇಳಿದ್ರಿ ಅಂತ. ಯಜಮಾನ್ರೂ ಅದರಲ್ಲಿ ಇದ್ದಾರೆ."

"ಎಂಟು ತಿಂಗಳ ಹಿಂದಿನ ತಮಾಷೆನ ಇಷ್ಟು ದಿನ ಇಟ್ಕೊಂಡಿದ್ರಾ?"

"ಇಟ್ಕೊಂಡಿದ್ದೆ ಸಾರ್."

ಅವರು ಗಡಿಯಾರ ನೋಡಿದರು. ಶೆಡ್ಡಿನ ಆ ತುದಿಯಲ್ಲಿ ಗಿರಾಕಿಯ ಕಡೆಯವರು ಮೇಜಿಗೆ ಬಿಳಿ ಬಟ್ಟೆ ಹಾಸಿ ಹೂದಾನಿ ಇಡುತ್ತಿದ್ದರು. ಮ್ಯಾನೇಜರ್ ಫೋನು ತೆಗೆದು ಏನೋ ಬರೆದು ನನಗೆ ತೋರಿಸಿದರು. ಥೈಲ್ಯಾಂಡ್ ಬಿಲ್ ವಿಚಾರದಲ್ಲಿ ಸ್ವಲ್ಪ ಕಮ್ಯುನಿಕೇಶನ್ ಗ್ಯಾಪ್ ಆಗಿತ್ತು, ವಿಷಾದಿಸುತ್ತೇನೆ, ಎಂದಿತ್ತು.

"ಇದು ಬೇಡ ಸಾರ್. ಗ್ಯಾಪ್ ಎಲ್ಲೂ ಆಗಿಲ್ಲ. ನೀವು ಹೇಳಿದ್ರಿ, ನಾನು ಕೇಳಿಸ್ಕೊಂಡೆ."

ಅಳಿಸಿದರು. ಇನ್ನೊಂದು ಸಲ ಬರೆದರು. ಅದರಲ್ಲಿ ರೋಮಿಂಗ್ ಬಂತು, ಸುಳ್ಳು ಬರಲಿಲ್ಲ. ಅದೂ ಬೇಡವೆಂದೆ. ಮೂರನೆಯ ಸಲ ಬರೆಯುವಾಗಲೂ ನನ್ನ ಮನಸ್ಸು ಒಂದಿಷ್ಟೂ ಕರಗಲಿಲ್ಲ. 'ರೋಮಿಂಗ್ ಆನ್ ಮಾಡಲು ಹೇಳಿದ್ದು ನಾನೇ. ಮೇಡಂ ಸೀರಿಯಲ್ ನೋಡಿಲ್ಲ. ನಾನು ಸುಳ್ಳು ಹೇಳಿದೆ.' ಮೂರು ಸಾಲು. ಕಳಿಸುವ ಗುಂಡಿ ಒತ್ತಿದರು.

ಹೋಗಲಿಲ್ಲ. ಆ ಮೂರು ಸಾಲಿನ ಪಕ್ಕ ಪುಟ್ಟ ಗಡಿಯಾರದ ಗುರುತು ನಿಂತುಬಿಟ್ಟಿತು. ಡೇಟಾ ಇಲ್ಲದೆ ಅದಾದರೂ ಹೇಗೆ ಹೋದೀತು? ಅಂಗೈಯಲ್ಲಿ ಸಿಮ್ ಹಿಡಿದು ನಾನು, ಫೋನು ಹಿಡಿದು ಅವರು, ಇಬ್ಬರೂ ಆ ಗುರುತನ್ನೇ ನೋಡುತ್ತ ನಿಂತೆವು. ನಾನು ಡೇಟಾ ಕೊಟ್ಟರೆ ತಾನೆ ಅವರ ತಪ್ಪೊಪ್ಪಿಗೆ ಹೋಗುವುದು. ಕೊಟ್ಟ ತಕ್ಷಣ ಅದನ್ನು ಅಳಿಸಿಬಿಟ್ಟರೆ?

"ಫೋನ್ ಕೊಡಿ ಸಾರ್ ನನ್ನ ಕೈಗೆ" ಎಂದೆ. ಕೊಟ್ಟರು. ಸಿಮ್ಮನ್ನು ಟ್ಯಾಬಿಗೆ ವಾಪಸು ಹಾಕಿ ಹಾಟ್‌ಸ್ಪಾಟ್ ಆನ್ ಮಾಡಿ, ಅವರ ಫೋನಿಗೆ ಪಾಸ್‌ವರ್ಡ್ ಒತ್ತಿದೆ. ಗಡಿಯಾರ ಹೋಗಿ ಒಂದು ಟಿಕ್ ಬಂತು, ಎರಡು ಬಂತು. ಒಬ್ಬೊಬ್ಬರಾಗಿ ಓದಿದರು. ಮೊದಲು ಯಜಮಾನರು ಒಂದು ಹೆಬ್ಬೆರಳು ಹಾಕಿದರು. ಆಮೇಲೆ ವೆಲ್ಡರ್ ಒಂದು ಹೆಬ್ಬೆರಳು, ಪ್ರೋಗ್ರಾಮರ್ ಒಂದು ನಗುವ ಮುಖ.

"ಸಮಾಧಾನ ಆಯ್ತಾ?" ಎಂದರು ಮ್ಯಾನೇಜರ್.

ಆಗಿತ್ತು. ನಿಜವಾಗಿಯೂ ಹೊಟ್ಟೆ ತಣ್ಣಗಾಗಿತ್ತು. ಅಷ್ಟರಲ್ಲಿ ನಮ್ಮ ಹಿರಿಯ ಫಿಟ್ಟರದೊಂದು ಧ್ವನಿ ಸಂದೇಶ ಬಂತು. ಅವರು ಬಾಗಲಕೋಟೆ ಕಡೆಯವರು, ನಮ್ಮೆಲ್ಲರಿಗಿಂತ ಹಳಬರು, ಬರೆಯಲು ಬೇಸರವೆಂದು ಯಾವಾಗಲೂ ಮಾತಾಡಿಯೇ ಕಳಿಸುತ್ತಾರೆ. ಒತ್ತಿದೆ. ಹಿಂದೆ ಗ್ರೈಂಡರಿನ ಸದ್ದು, ಯಾರೋ ನಗುವ ಸದ್ದು, ಅದರ ನಡುವೆ ಅವರ ದನಿ: "ಇದೇನ ಹೊಸಾ ಸುದ್ದಿರಿ ಸಾಹೇಬ್ರ? ನಮಗೆಲ್ಲಾ ಗೊತ್ತಿದ್ದದ್ದ ಐತಲ್ಲ. ಆವಾಗ ದಿನಾ ವಿಡಿಯೋದಾಗ ಈ ಕಡೆ ನಿಂತಾವ್ರ ನಾವ ಅಲ್ಲೇನ್ರಿ. ಮೇಡಮ್ಮಾರ ಸೀರಿಯಲ್ ನೋಡಾಕ ಪುರಸೊತ್ತರ ಎಲ್ಲಿತ್ತರಿ ಪಾಪ."

ಪ್ರೀತಿಯಿಂದಲೇ ಹೇಳಿದ್ದರು. ಹೌದಲ್ಲ. ಆ ಒಂಬತ್ತು ದಿನ ಆ ಕಡೆ ಇದ್ದವರು ಇನ್ನಾರು? ಪ್ರೋಗ್ರಾಮರ್ ಇದ್ದ, ಅವನ ಭುಜದ ಮೇಲಿಂದ ಇಣುಕುತ್ತ ಇವರೆಲ್ಲ ಇದ್ದರು. ನನ್ನ ಕೈಯ ಗ್ರೀಸು ನೋಡಿದ್ದರು, ನಾನು ಊಟ ಬಿಟ್ಟು ಕೂತದ್ದನ್ನು ನೋಡಿದ್ದರು. ಬೋರ್ಡಿನ ಮುಂದೆ ಮ್ಯಾನೇಜರ್ ಸುಳ್ಳು ಹೇಳಿದ ದಿನ ನಕ್ಕವರೂ ಅವರೇ. ಆಮೇಲೆ ಎಂಟು ತಿಂಗಳು ಅತ್ತೆ ಸೊಸೆಗೆ ವಿಷ ಹಾಕಿದ್ಲಾ ಎಂದು ಕೇಳಿದವರೂ ಅವರೇ. ಸುಳ್ಳನ್ನು ನಂಬಿ ಆಡಿಕೊಂಡಿದ್ದಾರೆ, ಪಾಪ ಅವರಿಗೇನು ಗೊತ್ತು ಎಂದುಕೊಂಡು ನಾನು ಅವರನ್ನೆಲ್ಲ ಮನ್ನಿಸಿಬಿಟ್ಟಿದ್ದೆ. ನನ್ನ ಸಿಟ್ಟನ್ನೆಲ್ಲ ಒಬ್ಬನಿಗೇ ಕೂಡಿಟ್ಟಿದ್ದೆ.

ಹನ್ನೊಂದಕ್ಕೆ ಹತ್ತು ನಿಮಿಷವಿತ್ತು. ಕಾಲ್ ಹಾಕಿದೆ. ಟ್ಯಾಬಿನ ಪರದೆಯ ತುಂಬ ಅವೇ ಮುಖಗಳು. ಪ್ರೋಗ್ರಾಮರ್, "ಮೇಡಂ, ಕ್ಯಾಮೆರಾ ಸ್ವಲ್ಪ ಎಡಗಡೆಗೆ" ಎಂದ. ತಿರುಗಿಸಿದೆ. ಹಿಂದಿನಿಂದ ಯಾರೋ ಕೈ ಬೀಸಿದರು, ನಾನು ಬೀಸಲಿಲ್ಲ. ಪೈಪು ಬಗ್ಗಿತು, ಬಗ್ಗಿದ ಹಾಗೇ ನಿಂತಿತು. ಗಿರಾಕಿಯವರು ಅಳತೆ ಹಿಡಿದು ನೋಡಿ ಸಹಿ ಹಾಕಿದರು. ಮ್ಯಾನೇಜರ್ ಫೋಟೋದಲ್ಲಿ ನಿಂತರು, ನನ್ನನ್ನೂ ಪಕ್ಕಕ್ಕೆ ಕರೆದರು.

ಹೊರದೇಶಕ್ಕೆ ಹೋಗಿ ಬಂದವರು ಶಾಪಿನವರಿಗೆಲ್ಲ ಚಾಕಲೇಟು ಹಂಚಬೇಕು. ಅದು ನಮ್ಮಲ್ಲಿ ಯಾರೂ ಬರೆದಿಡದ ಕಾನೂನು. ಸೋಮವಾರ ಒಂಬತ್ತಕ್ಕೆ ಬೋರ್ಡಿನ ಮುಂದೆ ಎಲ್ಲರೂ ನನ್ನ ಕೈಚೀಲವನ್ನೇ ನೋಡುತ್ತ ನಿಂತಿದ್ದರು. ನಾನು ದೊಡ್ಡ ಪೊಟ್ಟಣವೊಂದನ್ನು ತೆಗೆದು, ಬಿಚ್ಚದೆ, ಪೂರ್ತಿಯಾಗಿ ಮ್ಯಾನೇಜರ ಮೇಜಿನ ಮೇಲೆ ಇಟ್ಟೆ.

"ಇದೇನ್ ಮೇಡಂ, ನನಗೊಬ್ಬನಿಗೇನಾ?" ಎಂದರು ಆತ, ಹೆದರಿದವರಂತೆ.

"ಸುಳ್ಳು ಅಂತ ಬರೆದು ಕೊಟ್ಟವರು ನೀವೊಬ್ರೇ ಸಾರ್."

ಯಾರೂ ನಗಲಿಲ್ಲ. ಮಧ್ಯಾಹ್ನ ಹಿರಿಯ ಫಿಟ್ಟರ್ ನನ್ನ ಬೆಂಚಿನ ಹತ್ತಿರ ಬಂದು, ಕೈಯನ್ನು ಹತ್ತಿಯ ಸಿಕ್ಕಿನಿಂದ ಒರೆಸಿಕೊಳ್ಳುತ್ತ ನಿಂತರು. "ನಮ್ಮ ಮ್ಯಾಲೂ ಸಿಟ್ಟೇನ್ರಿ ಮೇಡಮ್ಮಾರ?"

ನಾನು ಕಾಯುತ್ತಿದ್ದ ಪ್ರಶ್ನೆ ಅದೇ. "ನಿಮಗೆಲ್ಲ ಗೊತ್ತಿತ್ತು. ಆವತ್ತು ಇದೇ ಶಾಪಿನಲ್ಲಿ ಅವರು ಸುಳ್ಳು ಹೇಳಿದಾಗ ಹದಿನಾಲ್ಕು ಜನದಲ್ಲಿ ಒಬ್ಬರ ಬಾಯಲ್ಲೂ ಒಂದು ಮಾತು ಯಾಕೆ ಬರಲಿಲ್ಲ?" ಎಂದೆ. ನನ್ನ ದನಿ ಏರಿತ್ತು, ಗ್ರೈಂಡರಿನವನು ಗ್ರೈಂಡರ್ ನಿಲ್ಲಿಸಿದ.

ಅವರು ಯೋಚನೆ ಮಾಡಿದರು. ನಿಜವಾಗಿಯೂ ಯೋಚನೆ ಮಾಡಿದರು, ತಪ್ಪಿಸಿಕೊಳ್ಳಲು ಅಲ್ಲ. ಆಮೇಲೆ ಮೆಲ್ಲಗೆ, "ನಿಮ್ಮ ಬಾಯಾಗೂ ಬರಲಿಲ್ಲಲ್ಲರಿ. ನೀವು ಒಂದ ಸಲ ನಮ್ಮ ಕಡೆ ತಿರುಗಿ, ಹೇಳ್ರೋ ಅಂದಿದ್ರ, ನಾ ಹೇಳ್ತಿದ್ದೆ. ನೀವ ಸುಮ್ಮನ ನಿಂತ್ರಿ. ಒಪ್ಪಿಕೊಂಡ್ರಿ ಅಂತ ನಾವೂ ಸುಮ್ಮನಾದ್ವಿ" ಎಂದರು.

ಅಂದು ನಾನು ಅಳು ನುಂಗಿಕೊಂಡು ನಿಂತದ್ದು ಇವರಿಗೆ ಹೇಗೆ ತಿಳಿಯಬೇಕು. ತಿರುಗಿ ನೋಡಿದ್ದರೆ ಇವರು ನಿಜಕ್ಕೂ ಹೇಳುತ್ತಿದ್ದರೋ, ಈಗ ಹೇಳುವುದು ಸುಲಭವೆಂದು ಹೇಳುತ್ತಿದ್ದಾರೋ, ಅದೂ ನನಗೆ ತಿಳಿಯದು. ನಾನು ತಿರುಗಿ ನೋಡಿರಲಿಲ್ಲ ಎಂಬುದು ಮಾತ್ರ ನಿಜ.

ಕೈಚೀಲದಲ್ಲಿ ಶಾಪಿನವರಿಗೆಂದೇ ತಂದ ಇನ್ನೊಂದು ಚಾಕಲೇಟು ಪೊಟ್ಟಣವಿತ್ತು. ಆದರೂ ಕೊಡಲಿಲ್ಲ.